ಆಚಾರ್ರ ಮಗಳು ಸಹಿ ಹಾಕಲಿಲ್ಲ

ಕಳೆದ ವಾರ ಒಂದು ಬೆಳಿಗ್ಗೆ ಪಾಂಡವಪುರದ ನಮ್ಮ ಬೀದಿಯ ಚರಂಡಿಗೆ ಪುರಸಭೆಯವರು ಬ್ಲೀಚಿಂಗ್ ಪೌಡರ್ ಎರಚಿ ಹೋದರು. ಒಳ್ಳೆಯ ಕೆಲಸವೇ. ಪಕ್ಕದ ಮನೆಯವರು ಮೂಗು ಮುಚ್ಚಿಕೊಂಡು ಕಿಟಕಿ ಹಾಕಿಕೊಂಡರು. ನನ್ನ ಮನೆಯಾಕೆ ಸದ್ಯ ಸೊಳ್ಳೆ ಕಮ್ಮಿಯಾಗುತ್ತವಲ್ಲ ಎಂದು ಸಮಾಧಾನಪಟ್ಟಳು. ಜಗಲಿಯ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದ ನಾನು ಲೋಟ ಕೆಳಗಿಟ್ಟುಬಿಟ್ಟೆ. ಮಲ್ಲಿಗೆಯ ವಾಸನೆಗೆ, ಮಳೆ ಬಿದ್ದ ಮಣ್ಣಿನ ವಾಸನೆಗೆ ಹಳೆಯದೆಲ್ಲ ನೆನಪಾಗುವ ಪುಣ್ಯವಂತರಿದ್ದಾರೆ. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನಗೆ ನೆನಪು ಬರುವುದು ಬ್ಲೀಚಿಂಗ್ ಪೌಡರಿನ ಘಾಟಿಗೆ, ಅದೂ ಸಿಟ್ಟಿನ ಜೊತೆಗೇ ಬರುತ್ತದೆ. ಆರು ವರ್ಷದ ಹಳೆಯ ಸಿಟ್ಟು. ಅದರಲ್ಲಿ ಅರ್ಧ ಬೇರೆಯವರ ಮೇಲಿನದು, ಇನ್ನರ್ಧ ನನ್ನ ಮೇಲಿನದೇ.

ಸಿಟ್ಟು ನನ್ನ ಸ್ವಭಾವವಲ್ಲ ಎಂದರೆ ನೀವು ನಂಬಬೇಕು. ಕೆ.ಆರ್. ಪೇಟೆಯ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದೆ. ಕಾಲೇಜಿನ ಹೆಸರು ಬೇಡ. ಅಂಥವು ಎಲ್ಲ ತಾಲ್ಲೂಕಿನಲ್ಲೂ ಇವೆ. ಆ ಮೂವತ್ತು ವರ್ಷದಲ್ಲಿ ನಾನು ಯಾರ ಮೇಲೂ ದನಿ ಎತ್ತಿದ್ದಿಲ್ಲ. ಸಹೋದ್ಯೋಗಿಗಳು ಇದನ್ನು ನನ್ನ ಒಳ್ಳೆಯತನ ಎಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಸುಮ್ಮನಿರುವವನಿಗೆ ಒಳ್ಳೆಯವನೆಂಬ ಹೆಸರು ಎಷ್ಟು ಸುಲಭವಾಗಿ ಬರುತ್ತದೆ ಎನ್ನುವುದು ಆಮೇಲೆ ಗೊತ್ತಾಯಿತು.

ನಾನು ಹೇಳುತ್ತಿದ್ದ ಪಾಠಗಳಲ್ಲಿ ಮಾನವ ಹಕ್ಕುಗಳದೂ ಒಂದು. ಯಾವುದೋ ಕಾಲದಲ್ಲಿ ಬರೆದಿಟ್ಟುಕೊಂಡ ನೋಟ್ಸು ಅದು. ಹಾಳೆಗಳು ಹಳದಿಯಾಗಿ, ಅಂಚು ಹರಿದು, ಕೊನೆಗೆ ನನ್ನ ಬಾಯಿಗೇ ಬಂದುಬಿಟ್ಟಿತ್ತು. ಅರ್ಥ, ವ್ಯಾಖ್ಯೆ, ಲಕ್ಷಣಗಳು, ಮಹತ್ವ. ನಾನು ಹೇಳುವುದು, ಮಕ್ಕಳು ಬರೆದುಕೊಳ್ಳುವುದು. ಒಂದು ದಿನ "ಮಾನವ ಘನತೆ" ಎಂಬಲ್ಲಿಗೆ ಬಂದಾಗ ಎರಡನೇ ಬೆಂಚಿನಿಂದ ಒಬ್ಬಳು ಎದ್ದು ನಿಂತಳು.

"ಸಾರ್, ಘನತೆ ಅಂದ್ರೆ ಏನು?"

ನಾನು ವ್ಯಾಖ್ಯೆಯನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿದೆ.

"ಅದು ಬರ್ಕೊಂಡಿದೀನಿ ಸಾರ್. ಅಂದ್ರೆ ಏನು ಅಂತ ಕೇಳ್ದೆ."

ಕ್ಲಾಸು ನಕ್ಕಿತು. ನಾನೂ ನಕ್ಕು, "ಪರೀಕ್ಷೆಗೆ ಅಷ್ಟು ಸಾಕಮ್ಮ, ಕೂತ್ಕೋ" ಎಂದೆ. ಅವಳು ಕೂತಳು. ಆದರೆ ಪೆನ್ನು ಮುಚ್ಚಿಟ್ಟು ಕೂತಳು.

ಅವಳೇ ಚಂದನ. ನಾಗಮಂಗಲ ತಾಲ್ಲೂಕಿನ ಒಂದು ಸಣ್ಣ ಊರಿನವಳು. ಕೆ.ಆರ್. ಪೇಟೆಯಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಬರುತ್ತಿದ್ದಳು. ಅಪ್ಪ ನಂಜುಂಡಾಚಾರ್ರು ಕಮ್ಮಾರರು. ಅಜ್ಜನ ಕಾಲದಲ್ಲಿ ಕುಲುಮೆಯಲ್ಲಿ ನೇಗಿಲ ಗುಳ, ಕುಡುಗೋಲು ತಟ್ಟುತ್ತಿದ್ದರಂತೆ. ಊರಿಗೆ ಟ್ರಾಕ್ಟರು ಬಂದ ಮೇಲೆ ಇವರು ಕುಲುಮೆಯ ಪಕ್ಕದಲ್ಲೇ ವೆಲ್ಡಿಂಗ್ ಮಿಷನ್ನು ಇಟ್ಟುಕೊಂಡು ಗೇಟು, ಕಿಟಕಿ ಗ್ರಿಲ್ಲು, ಕೊಟ್ಟಿಗೆಯ ಬಾಗಿಲು ಮಾಡುತ್ತಿದ್ದರು. ನಾಗಮಂಗಲದ ಸೀಮೆ ನಿಮಗೆ ಗೊತ್ತಲ್ಲ, ರಾಗಿಯೂ ತೆಂಗೂ ಆಕಾಶ ನೋಡಿಕೊಂಡು ನಿಂತಿರುವ ನೆಲ. ಹೊಳೆ ಉಕ್ಕಿ ಊರಿಗೆ ನುಗ್ಗುವುದು ಅಂದರೆ ಹೇಗಿರುತ್ತದೆಂದು ಆ ಹುಡುಗಿ ಕಂಡವಳೇ ಅಲ್ಲ.

ಅವಳು ಕೊನೆಯ ವರ್ಷದಲ್ಲಿದ್ದಾಗ ಹೇಮಾವತಿ ಉಕ್ಕಿತು. ಅಕ್ಕಿಹೆಬ್ಬಾಳಿನಿಂದ ಸ್ವಲ್ಪ ದೂರದಲ್ಲಿ, ಹೊಳೆಯ ದಂಡೆಗೆ ತೀರ ಹತ್ತಿರವಿದ್ದ ಒಂದು ಊರಿನ ತಗ್ಗಿನ ಕೇರಿಗಳಿಗೆ ನೀರು ನುಗ್ಗಿ, ಅಲ್ಲಿನ ಜನರನ್ನೆಲ್ಲ ದಿಣ್ಣೆಯ ಮೇಲಿನ ಶಾಲೆಗೆ ಸಾಗಿಸಿದರು. ಕಾಲೇಜಿನ ಸಮಾಜಸೇವಾ ಘಟಕಕ್ಕೆ ನಾನೇ ಸಂಚಾಲಕ. ಸುದ್ದಿ ಬಂದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಬ್ಯಾನರ್ ಬರೆಸಲು ಹೇಳಿದ್ದು. "ಪ್ರವಾಹ ಸಂತ್ರಸ್ತರ ನೆರವಿಗೆ ನಮ್ಮ ಕಾಲೇಜು" ಎಂದು. ನನ್ನ ಹೆಸರು ಕೆಳಗೆ, ಪ್ರಾಂಶುಪಾಲರ ಹೆಸರು ಮೇಲೆ, ಸ್ವಲ್ಪ ದಪ್ಪ ಅಕ್ಷರದಲ್ಲಿ. ಸಂತ್ರಸ್ತರಿಗೆ ಏನು ಬೇಕು ಎಂದು ಫೋನು ಮಾಡಿ ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಬಟ್ಟೆ ಬೇಕಾಗಿರುತ್ತದೆ ಎಂದು ನಾನೇ ತೀರ್ಮಾನ ಮಾಡಿದೆ.

ಎರಡು ದಿನ ಬೀದಿ ಬೀದಿ ಸುತ್ತಿ ಬಟ್ಟೆ ಕೂಡಿಸಿದೆವು. ಜನ ಧಾರಾಳವಾಗಿ ಕೊಟ್ಟರು; ಅಟ್ಟ ಖಾಲಿ ಮಾಡಲು ಒಂದು ನೆಪ ಬೇಕಾಗಿತ್ತು ಅಂತ ಕಾಣುತ್ತದೆ. ಹುಕ್ಕಿಲ್ಲದ ರವಿಕೆಗಳು, ಮಂಡಿ ಸವೆದ ಪ್ಯಾಂಟುಗಳು, ಒಂದೇ ಕಾಲಿನ ಮಕ್ಕಳ ಬೂಟು. ಶ್ರೀರಂಗಪಟ್ಟಣದಲ್ಲಿರುವ ನನ್ನ ಭಾವಮೈದನಿಗೂ ಫೋನು ಮಾಡಿದ್ದೆ. ಆತ ಮೈಗಾಗದ ತನ್ನ ಮದುವೆಯ ಕೋಟು ಸೂಟನ್ನು ಇಸ್ತ್ರಿ ಮಾಡಿಸಿ ಬಸ್ಸಿನಲ್ಲಿ ಕಳಿಸಿಕೊಟ್ಟ. ಮನೆಯೊಳಗೆ ಸೊಂಟದುದ್ದ ನೀರು ನಿಂತವನು ಕೋಟು ಹಾಕಿಕೊಂಡು ಎಲ್ಲಿಗೆ ಹೋಗಬೇಕಿತ್ತೋ! ಅದನ್ನೂ ಮೂಟೆಗೆ ತುಂಬಿಸಿದೆ. ಟೆಂಪೋ ಹತ್ತಿದೆವು.

ಶಾಲೆಯ ಗೇಟಿನಲ್ಲೇ ಆ ಘಾಟು. ಗೇಟಿನಿಂದ ವರಾಂಡದವರೆಗೆ, ದೊಡ್ಡವರು ನಡೆದು ಬರುವ ದಾರಿಯ ಎರಡೂ ಬದಿಗೆ ರಂಗೋಲಿ ಎಳೆದ ಹಾಗೆ ಬ್ಲೀಚಿಂಗ್ ಪೌಡರಿನ ಗೆರೆ ಎಳೆದಿದ್ದರು. ಶಾಲೆಯ ಹಿಂದೆ, ಶೌಚಾಲಯದ ಬಾಗಿಲಲ್ಲಿ ಕೊಳೆ ನೀರು ಮಡುಗಟ್ಟಿ ನಿಂತಿತ್ತು. ಅಲ್ಲಿ ಒಂದು ಹಿಡಿಯೂ ಇರಲಿಲ್ಲ.

ಅಂಗಳದಲ್ಲಿ ಜನರನ್ನು ಸಾಲಾಗಿ ಕೂರಿಸಿದ್ದರು. ಕಂಬಳಿ ಹಂಚಲು ಮುಖಂಡರೊಬ್ಬರು ಬರುವವರಿದ್ದರು. ಬೆಳಿಗ್ಗೆ ಬರುತ್ತೇನೆಂದವರು ಮಧ್ಯಾಹ್ನ ತಿರುಗಿದರೂ ಬಂದಿರಲಿಲ್ಲ. ಕಂಬಳಿಗಳು ಮಾತ್ರ ಹಿಂದಿನ ದಿನವೇ ಬಂದು ಹೆಡ್‌ಮಾಸ್ಟರ ಕೋಣೆಯಲ್ಲಿ ಬೀಗದೊಳಗಿದ್ದವು. ರಾತ್ರಿಯೆಲ್ಲ ಮಕ್ಕಳು ಬರೀ ಸಿಮೆಂಟಿನ ನೆಲದ ಮೇಲೆ ಮಲಗಿದ್ದವಂತೆ. "ಸಾಹೇಬ್ರ ಕೈಯಿಂದ್ಲೇ ಕೊಡಿಸ್ಬೇಕು ಅಂತ ಆರ್ಡರ್ ಆಗಿದೆ" ಎಂದರು ಅಲ್ಲಿನ ಉಸ್ತುವಾರಿ ಅಧಿಕಾರಿ. ಯಾರ ಆರ್ಡರು ಎಂದು ನಾನು ಕೇಳಲಿಲ್ಲ. ಹೌದು ಹೌದು ಎಂದು ತಲೆಯಾಡಿಸಿ ಬ್ಯಾನರ್ ಕಟ್ಟಲು ಕಂಬ ಹುಡುಕಲು ಹೋದೆ.

ನಮ್ಮ ಮೂಟೆ ಬಿಚ್ಚಿದಾಗ ಜನ ಮುಗಿಬೀಳುತ್ತಾರೆಂದು ತಿಳಿದಿದ್ದೆ. ಯಾರೂ ಎದ್ದು ಬರಲಿಲ್ಲ. ನಿಂಗಮ್ಮ ಎಂಬ ಒಬ್ಬ ಅಜ್ಜಿ ಒಂದು ರವಿಕೆ ಎತ್ತಿ, ಬೆಳಕಿಗೆ ಹಿಡಿದು ನೋಡಿ, ಮಡಿಸಿ ವಾಪಸ್ಸು ಇಟ್ಟಳು. ಗದ್ದೆ, ಹಸು ಎಲ್ಲ ಇದ್ದ ಮನೆಯ ಯಜಮಾನಿ ಆಕೆ.

"ತಪ್ಪು ತಿಳ್ಕಬ್ಯಾಡಿ ಸ್ವಾಮಿ. ನಮ್ಮನೇಲಿ ನೆಲ ಒರ್ಸಕ್ಕೂ ಇಂಥ ಬಟ್ಟೆ ಮಡಗ್ತಿರ್ನಿಲ್ಲ" ಎಂದಳು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ನನಗೆ ನೋವಾಗದಿರಲಿ ಎಂದು ಮೆಲ್ಲಗೆ ಹೇಳಿದಳು.

ಚಂದನ ಬಟ್ಟೆಯ ತಂಟೆಗೆ ಹೋಗಲಿಲ್ಲ. ನೀರಿನ ಬಾಟಲಿ ಹಂಚುತ್ತಾ ಹೆಂಗಸರ ಸಾಲಿನಲ್ಲಿ ನಡೆಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ನನ್ನ ಹತ್ತಿರ ಬಂದಳು.

"ಸಾರ್, ಅವ್ರು ನೀರು ಕುಡೀತಿಲ್ಲ."

"ಬಾಯಾರಿಕೆ ಇರಲ್ಲ ಬಿಡಮ್ಮ."

"ಇದೆ ಸಾರ್. ತುಟಿ ಒಡೆದಿದೆ. ಬಾಟ್ಲಿ ಇಸ್ಕೊಂಡು ಪಕ್ಕಕ್ಕೆ ಇಡ್ತಾವ್ರೆ."

ಅವಳು ಹಿಂತಿರುಗಿ ನಿಂಗಮ್ಮನ ಸೊಸೆ ರತ್ನಳ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ರತ್ನಳ ಮಡಿಲಲ್ಲಿ ಹಾಲು ಕುಡಿಯುವ ಮಗು. ನಾನು ಎರಡು ಮಾರು ದೂರದಲ್ಲಿದ್ದೆ. ಅವರ ಮಾತು ಕೇಳಿಸುತ್ತಿತ್ತು.

"ಕುಡುದ್ರೆ ಓಗ್ಬೇಕಾಯ್ತದೆ ಕಣಮ್ಮಿ. ಎಲ್ಲಿಗ್ ಓಗದು?" ಎಂದಳು ರತ್ನ. "ಇರದು ಎಲ್ಡು ಕಕ್ಕಸು. ಒಂದಕ್ಕೆ ಬಾಗ್ಲೇ ಇಲ್ಲ, ಇನ್ನೊಂದಕ್ಕೆ ಚಿಲ್ಕ ಇಲ್ಲ. ಎದ್ರುಗೇ ನಲ್ಲಿ ತಾವ ಗಂಡಸ್ರು ನಿಂತವ್ರೆ. ಮೂಡ್ಲು ಅರಿಯಕ್ ಮುಂಚೆ ಒಂದ್ಕಿತ ಎಲ್ರೂ ಒಟ್ಗೆ ಕಬ್ಬಿನ ಗದ್ದೆ ಕಡಿಕ್ ಓಗ್ಬುಟ್ ಬತ್ತೀವಿ. ಆಮೇಲೆ ಬೈಗಾಗಗಂಟ ಇಲ್ಲ."

"ನಿಮ್ಗೆ ಮಗು ಐತಲ್ಲ ಅಕ್ಕ, ನೀರು ಕುಡೀದೆ ಹಾಲು ಹೆಂಗೆ ಬರುತ್ತೆ?"

ರತ್ನ ಮಗುವನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು.

ಚಂದನ ನೇರವಾಗಿ ಉಸ್ತುವಾರಿ ಅಧಿಕಾರಿಯ ಬಳಿ ಹೋದಳು. ನಾನು ಅವಳ ಹಿಂದೆ ಓಡಿದೆ, ತಡೆಯಲು. ಬಾಗಿಲಿಗೊಂದು ಚಿಲಕ, ಇನ್ನೊಂದಕ್ಕೆ ಒಂದು ಮರೆ, ನಲ್ಲಿಯ ಹತ್ತಿರದ ಗಂಡಸರನ್ನು ಬೇರೆ ಕಡೆ ಕಳಿಸುವುದು, ಇಷ್ಟೇ ಅವಳು ಕೇಳಿದ್ದು. ಆತ ಮೊಬೈಲಿನಿಂದ ತಲೆ ಎತ್ತಲೇ ಇಲ್ಲ.

"ಬಟ್ಟೆ ಹಂಚೋಕೆ ಬಂದಿದ್ದೀರಾ, ಹಂಚಿ, ಫೋಟೋ ತೆಗೆಸ್ಕೊಂಡು ಹೊರಡಿ. ರಿಪೇರಿ ಎಲ್ಲ ಬೇರೆ ಇಲಾಖೆ."

"ಸಾರ್, ಅವ್ರಿಗೆ ಫೋನ್ ಮಾಡ್ತೀರಾ?"

"ಏನ್ರೀ ಇದು?" ಎಂದು ಆತ ನನ್ನ ಕಡೆ ತಿರುಗಿದರು. "ನಿಮ್ಮ ಹುಡುಗಿ ನನ್ನ ಎಂಕ್ವೈರಿ ಮಾಡ್ತಾ ಇದ್ದಾಳಲ್ಲ."

ನಾನು ಏನಂದೆ ಎಂದು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. "ಚಿಕ್ಕ ಹುಡುಗಿ, ತಪ್ಪು ತಿಳ್ಕೋಬೇಡಿ ಸಾರ್" ಎಂದೆ. ಆಚೆ ಕರೆದುಕೊಂಡು ಬಂದು ಅವಳಿಗೆ, "ನಾವು ಇಲ್ಲಿಗೆ ಅತಿಥಿಗಳ ಥರ ಬಂದಿದ್ದೀವಿ ಕಣಮ್ಮ" ಎಂದೆ. ಅವಳು ಹೆಂಗಸರ ಸಾಲಿಗೇ ವಾಪಸ್ಸು ಹೋದಳು.

ಮುಖಂಡರು ಕಡೆಗೂ ಬಂದರು. ಕಂಬಳಿ ಕೊಡುವುದು ಶುರುವಾಯಿತು. ಒಬ್ಬೊಬ್ಬರೂ ಬಂದು, ಕಂಬಳಿಯ ಒಂದು ತುದಿ ಹಿಡಿದು, ಕ್ಯಾಮೆರಾ ನೋಡಿ, ಫೋಟೋ ಸರಿಬರದಿದ್ದರೆ ಇನ್ನೊಮ್ಮೆ ಹಿಡಿದು ಹೋಗಬೇಕು. ನಿಂಗಮ್ಮ ಮಾತ್ರ ಕೂತ ಜಾಗದಿಂದ ಏಳಲಿಲ್ಲ. "ನಾನು ಕೊಟ್ಟು ಬಾಳ್ದೋಳು. ಕಂಬ್ಳಿ ಬ್ಯಾಡ ಅನ್ನಕಿಲ್ಲ, ಫೋಟ ಬ್ಯಾಡ" ಎಂದಳು. ಫೋಟೋ ಇಲ್ಲದೆ ಕಂಬಳಿ ಕೊಡುವ ಏರ್ಪಾಡು ಅಲ್ಲಿರಲಿಲ್ಲ. ಅತ್ತೆಯ ಪಾಲಿನದನ್ನೂ ತಾನೇ ತರೋಣವೆಂದು ರತ್ನ ಮಗುವನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತಿದ್ದಳು. ಅವಳ ಸರದಿಗೆ ಇನ್ನು ಇಬ್ಬರೋ ಮೂವರೋ ಇದ್ದರು. ಇದ್ದಕ್ಕಿದ್ದಂತೆ ಮೊಣಕಾಲು ಕುಸಿದು ಬಿದ್ದಳು. ಮಗುವನ್ನು ಹಿಂದೆ ನಿಂತಿದ್ದ ಹೆಂಗಸು ಹಿಡಿದುಕೊಂಡಳು, ಅದೇ ಪುಣ್ಯ.

ನಮ್ಮ ಟೆಂಪೋದಲ್ಲೇ ಆಸ್ಪತ್ರೆಗೆ ಸಾಗಿಸಿದೆವು. ಬಟ್ಟೆಯ ಮೂಟೆಗಳ ನಡುವೆ ರತ್ನಳನ್ನು ಮಲಗಿಸಿ, ತಲೆಯಡಿಗೆ ನನ್ನ ಭಾವಮೈದನ ಕೋಟನ್ನು ಮಡಿಸಿ ಇಟ್ಟೆವು. ಪ್ರವಾಹ ಪರಿಹಾರದಲ್ಲಿ ಆ ಕೋಟು ಉಪಯೋಗಕ್ಕೆ ಬಂದದ್ದು ಅಷ್ಟಕ್ಕೇ. ಡ್ರಿಪ್ ಹಾಕಿದ ಡಾಕ್ಟರು ಗದರಿದರು: "ಬಾಣಂತಿಗೆ ಎರಡು ದಿನದಿಂದ ನೀರು ಕೊಟ್ಟಿಲ್ವೇನ್ರೀ ಯಾರೂ? ಅಲ್ಲಿ ಸುತ್ತ ನೀರೇ ಇದೆಯಲ್ಲ!"

ಆಸ್ಪತ್ರೆಯ ವರಾಂಡದಲ್ಲಿ ನಿಂತು ಚಂದನ ಅಪ್ಪನಿಗೆ ಫೋನು ಮಾಡಿದಳು. ಅಳುತ್ತಿರಲಿಲ್ಲ. ಅಳತೆ ಹೇಳುತ್ತಿದ್ದಳು. "ಬಾಗ್ಲು ನನ್ ಭುಜುಕ್ಕಿಂತ ಒಂದು ಮೊಳ ಎತ್ರ ಅಪ್ಪ. ಹೂಂ, ಮರದ್ದೇ, ಅಂಚು ಲಡ್ಡಾಗೈತೆ. ಇನ್ನೊಂದುಕ್ಕೆ ತಗಡು ಬೇಕು."

ಮರುದಿನ ಬೆಳಿಗ್ಗೆ ನಾವು ಶಾಲೆಗೆ ಹೋಗುವಷ್ಟರಲ್ಲಿ ನಂಜುಂಡಾಚಾರ್ರು ಅಲ್ಲಿದ್ದರು. ನಾಗಮಂಗಲದಿಂದ ಮೊದಲ ಬಸ್ಸು ಹಿಡಿದು, ತಗಡಿನ ಬಾಗಿಲೊಂದನ್ನು ಬಸ್ಸಿನ ಮೇಲೆ ಹಾಕಿಕೊಂಡು, ಉಪಕರಣದ ಚೀಲ ಹೆಗಲಿಗೇರಿಸಿ ಬಂದಿದ್ದರು. ಕುಳ್ಳಗೆ, ಗಟ್ಟಿಮುಟ್ಟಾಗಿ, ಮುಂಗೈ ತುಂಬ ಕಿಡಿ ಸಿಡಿದ ಕಲೆಗಳಿದ್ದ ಮನುಷ್ಯ. ಚೀಲದಿಂದ ನಾಲ್ಕು ಚಿಲಕ ತೆಗೆದು ಕಟ್ಟೆಯ ಮೇಲಿಟ್ಟರು. ಅಂಗಡಿಯವಲ್ಲ, ಮಗಳ ಫೋನು ಬಂದ ಮೇಲೆ ಕುಲುಮೆ ಹೊತ್ತಿಸಿ ತಾವೇ ತಟ್ಟಿ ಮಾಡಿದವು. ಕೊಳೆ ನೀರಿಗೆ ಕಾಲುವೆ ತೋಡಿ ಆಚೆ ಹರಿಸಿ, ಬಾಗಿಲು ನಿಲ್ಲಿಸಿ, ಚಿಲಕ ಬಡಿದು, ಒಳಗೆ ಹೋಗಿ ತಾವೇ ಹಾಕಿ ತೆಗೆದು ನೋಡಿದರು. ಆಮೇಲೆ ನನ್ನತ್ತ ತಿರುಗಿದರು.

"ಏನ್ ಸಾ, ಒಂದ್ ಚಿಲ್ಕ ಆಕಕ್ಕೆ ನಾಗಮಂಗ್ಲದಿಂದ ನಾನೇ ಬರ್ಬೇಕಾಯ್ತಾ? ಇಷ್ಟೊಂದ್ ಜನ ಓದ್ದೋರು ಇದ್ದೀರಿ."

ನನಗೆ ತಕ್ಷಣ ಬ್ಯಾನರಿನ ಹಗ್ಗ ಸಡಿಲವಾಗಿದೆ ಎನ್ನಿಸಿತು. ಅದನ್ನು ಬಿಗಿಯಲು ಹೋದೆ.

ಹೆಂಗಸರು ಒಬ್ಬೊಬ್ಬರಾಗಿ ಬಂದರು. ಯಾರೂ ಧನ್ಯವಾದ ಹೇಳಲಿಲ್ಲ. ಒಳಗೆ ಹೋಗಿ ಚಿಲಕ ಹಾಕಿಕೊಳ್ಳುವ ಸದ್ದು ಮಾತ್ರ ಮತ್ತೆ ಮತ್ತೆ ಕೇಳುತ್ತಿತ್ತು. ಹಿಂತಿರುಗಿ ಬಂದವರು ಪಕ್ಕಕ್ಕಿಟ್ಟಿದ್ದ ಬಾಟಲಿ ಎತ್ತಿ ಗಟಗಟ ಕುಡಿದರು. ನಿಂಗಮ್ಮ ಅರ್ಧ ಬಾಟಲಿ ಕುಡಿದು, ಸೆರಗಿನಿಂದ ಬಾಯೊರೆಸಿಕೊಂಡು, ಆಚಾರ್ರನ್ನು ಕರೆದು, "ಊಟಕ್ಕೆ ಇರಪ್ಪ" ಎಂದಳು. ಹಂಚುವವರು ಕೊಟ್ಟ ಅನ್ನ ಸಾರನ್ನೇ ಆಕೆ ತನ್ನ ಮನೆಯ ಊಟದ ಹಾಗೆ ಬಡಿಸಿದಳು. ನನ್ನನ್ನೂ ಕರೆದಳು.

ಅಷ್ಟರಲ್ಲಿ ಉಸ್ತುವಾರಿ ಅಧಿಕಾರಿ ಬಂದರು.

"ಯಾರಯ್ಯ ನಿನಗೆ ಪರ್ಮಿಶನ್ ಕೊಟ್ಟೋರು? ಸರ್ಕಾರಿ ಬಾಗಿಲಿಗೆ ತೂತು ಹೊಡೆದಿದ್ದೀಯಲ್ಲ!"

"ತೂತು ಮೊದ್ಲೇ ಇದ್ವು ಸಾ" ಎಂದರು ಆಚಾರ್ರು, ತುತ್ತು ಕೆಳಗಿಡದೆ. "ಇದ್ದ ಚಿಲ್ಕ ಕಿತ್ತೋಗಿತ್ತು. ತೂತು ಮುಚ್ಚಿವ್ನಿ."

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗೆಯೇ ಮುಂದಿನದಕ್ಕೆಲ್ಲ ಕಾರಣವಾಯಿತೇನೋ.

ಚಂದನ ಅಷ್ಟಕ್ಕೇ ನಿಲ್ಲಿಸಲಿಲ್ಲ. ನೋಟ್‌ಬುಕ್ ಹಿಡಿದು ಒಬ್ಬೊಬ್ಬರನ್ನೂ ಏನು ಬೇಕೆಂದು ಕೇಳಿ ಬರೆದುಕೊಂಡಳು. ಬಟ್ಟೆ ಎಂದು ಹೇಳಿದವರು ತೀರಾ ಕಮ್ಮಿ. ತಿಂಗಳ ಪ್ಯಾಡು ಬೇಕೆಂದರು. ಹಿಂದುಗಡೆ ಒಂದು ಬಲ್ಬು, ಬಿಪಿ ಮಾತ್ರೆ, ಊರಲ್ಲಿ ಕಟ್ಟಿಹಾಕಿ ಬಂದ ಹಸುಗಳನ್ನು ನೋಡಿಬರಲು ಯಾರಾದರೂ. ಮೂರನೆಯ ದಿನ ಜಿಲ್ಲೆಯಿಂದ ಹಿರಿಯ ಅಧಿಕಾರಿಯೊಬ್ಬರು ಬಂದಾಗ, ಪತ್ರಿಕೆಯವರೆಲ್ಲ ಸುತ್ತ ಇದ್ದಾಗಲೇ, ಆ ಪಟ್ಟಿಯನ್ನು ಅವರ ಕೈಗೆ ಕೊಟ್ಟಳು. ಆತ ನಿಂತಲ್ಲೇ ಪೂರ್ತಿ ಓದಿದರು. ಮರುದಿನ ಎರಡು ಸಂಚಾರಿ ಶೌಚಾಲಯ ಬಂದವು, ಬಲ್ಬು ಬಂತು, ಪಶುವೈದ್ಯರೂ ಬಂದರು. ಉಸ್ತುವಾರಿಯವರಿಗೆ ಮೇಲಿನಿಂದ ಛೀಮಾರಿಯೂ ಬಂದಿರಬೇಕು. ಅವರು ಕಾಲೇಜಿಗೆ ಒಂದು ಪತ್ರ ಬರೆದರು: ನಿಮ್ಮ ವಿದ್ಯಾರ್ಥಿನಿ ಅನುಮತಿಯಿಲ್ಲದೆ ಹೊರಗಿನವರನ್ನು ಕರೆತಂದು, ಸರ್ಕಾರಿ ಆಸ್ತಿಗೆ ಹಾನಿ ಮಾಡಿಸಿ, ಸಂತ್ರಸ್ತರನ್ನು ಎತ್ತಿಕಟ್ಟಿದ್ದಾಳೆ.

ಎತ್ತಿಕಟ್ಟಿದ್ದಾಳೆ! ಬೀಗದೊಳಗೆ ಕಂಬಳಿ ಇಟ್ಟುಕೊಂಡು ಮಕ್ಕಳನ್ನು ಚಳಿಯಲ್ಲಿ ಮಲಗಿಸಿದ್ದು ಹಾನಿಯಲ್ಲ. ಬಾಣಂತಿಯನ್ನು ಫೋಟೋಗಾಗಿ ಬಿಸಿಲಲ್ಲಿ ನಿಲ್ಲಿಸಿದ್ದು ಹಾನಿಯಲ್ಲ. ಚಿಲಕ ಹಾಕಿದ್ದು ಹಾನಿ.

ಈ ಸಿಟ್ಟು ಆಗಲೇ ಬಂದಿದ್ದರೆ ನಾನು ಮನುಷ್ಯನಾಗುತ್ತಿದ್ದೆ. ಬರಲಿಲ್ಲ. ಕಾಲೇಜಿನಲ್ಲಿ ಮೂವರ ಶಿಸ್ತು ಸಮಿತಿ ಮಾಡಿದರು. ಅದರಲ್ಲಿ ನಾನೂ ಒಬ್ಬ. ಅಕ್ಷರ ಚೆನ್ನಾಗಿದೆ ಎಂದು ಕ್ಷಮಾಪಣೆ ಪತ್ರವನ್ನು ನನ್ನ ಕೈಯಲ್ಲೇ ಬರೆಸಿದರು. "ನಾನು ತಪ್ಪಾಗಿ, ಅನುಮತಿಯಿಲ್ಲದೆ…" ಎಂದು ಶುರುವಾಗುತ್ತಿತ್ತು ಅದು. ಮಾನವ ಹಕ್ಕುಗಳ ಮೇಷ್ಟ್ರು ದುಂಡಗೆ ಬರೆದುಕೊಟ್ಟೆ.

ಸ್ಟಾಫ್ ರೂಮಿನಲ್ಲಿ ಚಂದನ ಮೇಜಿನ ಮುಂದೆ ನಿಂತು ಅದನ್ನು ಎರಡು ಸಲ ಓದಿದಳು.

"ಸಾರ್, ಅನುಮತಿಯಿಲ್ಲದೆ ಅನ್ನೋದು ನಿಜ. ಅದಕ್ಕೆ ಸೈನ್ ಹಾಕ್ತೀನಿ. ತಪ್ಪಾಗಿ ಅನ್ನೋದನ್ನ ಹೊಡೆದಾಕಿ."

"ಒಂದು ಪದಕ್ಕೆ ಯಾಕಮ್ಮ ಹಟ? ಹಾಕಿ ಮುಗಿಸು" ಎಂದೆ ನಾನು.

"ಒಂದು ಪದ ಅಲ್ವಾ ಸಾರ್? ನೀವೇ ಹೊಡೆದಾಕಿ."

ಪೆನ್ನು ನನ್ನ ಜೇಬಿನಲ್ಲೇ ಇತ್ತು. ನಾನು ತೆಗೆಯಲಿಲ್ಲ. ಅವಳು ಸಹಿ ಹಾಕಲಿಲ್ಲ. ಪದವಿ ಮುಗಿಸಿ ಹೊರಡುವಾಗ ಅವಳಿಗೆ ಕೊಟ್ಟ ಗುಣನಡತೆಯ ಪ್ರಮಾಣಪತ್ರದಲ್ಲಿ, ಎಲ್ಲರಿಗೂ "ಉತ್ತಮ" ಎಂದು ಬರೆಯುವ ಜಾಗದಲ್ಲಿ "ತೃಪ್ತಿಕರ" ಎಂದು ಬರೆದರು. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದವನಿಗೂ ಆ ವರ್ಷ "ಉತ್ತಮ" ಸಿಕ್ಕಿತ್ತು.

ಆ ಪ್ರಮಾಣಪತ್ರ ತೆಗೆದುಕೊಂಡ ದಿನ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದಳು: "ಸಾರ್, ಇಂಥ ಟೈಮಲ್ಲಿ ಜನಕ್ಕೆ ಸರಿಯಾಗಿ ಸಹಾಯ ಮಾಡೋದು ಹೆಂಗೆ ಅಂತ ಎಲ್ಲಾದ್ರೂ ಹೇಳ್ಕೊಡ್ತಾರಾ?" ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಮನಸ್ಸಾಗದೆ "ಬಿ.ಎಡ್. ಮಾಡಮ್ಮ, ಹೆಣ್ಣುಮಕ್ಕಳಿಗೆ ಒಳ್ಳೇದು" ಎಂದೆ.

ಅವಳು ತಾನೇ ಹುಡುಕಿಕೊಂಡಳು. ಬೇರೆ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಮಾನವೀಯ ನೆರವಿನ ಬಗ್ಗೆಯೇ ಎರಡು ವರ್ಷದ ಎಂ.ಎ. ಇತ್ತು. ಪ್ರವಾಹ, ಭೂಕಂಪ, ಯುದ್ಧದಲ್ಲಿ ಮನೆ ಕಳೆದುಕೊಂಡವರಿಗೆ ನೀರು, ನೆರಳು, ಮರ್ಯಾದೆ ಹೇಗೆ ಒದಗಿಸಬೇಕು ಎನ್ನುವುದೇ ಅಲ್ಲಿ ಪಾಠ. ಸುದ್ದಿ ಕೇಳಿ ಅವಳ ದೊಡ್ಡಪ್ಪ ಕುಲುಮೆಯ ಮುಂದೆ ನಿಂತು ಕೂಗಾಡಿದರಂತೆ. "ಜನ್ರಿಗೆ ಅನ್ನ ನೀರು ಕೊಡಕ್ಕೆ ಎಮ್ಮೆ ಓದ್ಬೇಕೇನ್ಲಾ ನಂಜುಂಡ? ಎಮ್ಮೆ ಕಟ್ಕೊಂಡ್ರೆ ಡೇರಿಗೆ ಹಾಲಾದ್ರೂ ಉಯ್ಬೋದು!" ಆಚಾರ್ರು ಇದನ್ನು ನನಗೆ ನಗುತ್ತಲೇ ಹೇಳಿದರು. "ಅಣ್ಣಯ್ಯನ ಮನ್ಲೂ ಚಿಲ್ಕ ನಾನೇ ಆಕಿದ್ದು ಸಾ. ಅದ್ಕೇ ಅವ್ನಿಗೆ ಗೊತ್ತಾಗಕಿಲ್ಲ" ಎಂದರು.

ಇದನ್ನು ಅವರು ಹೇಳಿದ್ದು ನಮ್ಮ ಮನೆಯ ಜಗಲಿಯಲ್ಲಿ. ಒಂದು ಭಾನುವಾರ ಅಪ್ಪ ಮಗಳು ಪಾಂಡವಪುರಕ್ಕೆ ಬಂದಿದ್ದರು. ಪ್ರವೇಶ ಪರೀಕ್ಷೆಯಲ್ಲಿ ಅವಳು ಪಾಸಾಗಿದ್ದಳು. ಸಂದರ್ಶನಕ್ಕೆ ಮೊದಲು, ಪಾಠ ಮಾಡಿದ ಒಬ್ಬ ಅಧ್ಯಾಪಕರ ಪತ್ರ ಬೇಕಾಗಿತ್ತು. ಜೊತೆಗೆ, "ತೃಪ್ತಿಕರ" ಏಕೆ ಎಂಬುದಕ್ಕೆ ವಿವರಣೆಯನ್ನೂ ಕೇಳಿದ್ದರು. "ನೋಡೋಣ, ಬರೆದಿಡ್ತೀನಿ" ಎಂದು ಕಳಿಸಿದೆ. ಅವರು ಬೀದಿಯ ತಿರುವು ದಾಟುವುದನ್ನೇ ಕಾದಿದ್ದ ನನ್ನ ಮನೆಯಾಕೆ ಅಡುಗೆಮನೆಯಿಂದ ಬಂದಳು. ಆ ಕ್ಷಮಾಪಣೆ ಪತ್ರದ ಕತೆಯನ್ನು ಅವಳಿಗೆ ನಾನೇ ಒಮ್ಮೆ ದೊಡ್ಡಸ್ತಿಕೆಯಿಂದ ಹೇಳಿಕೊಂಡಿದ್ದೆ.

"ರೀ, ಆ ಮಗುವಿಗೆ ತಪ್ಪು ಅಂತ ಬರೆಯೋವಾಗ ನಿಮ್ಮ ಕೈ ಒಂದು ನಿಮಿಷಾನೂ ತಡೀಲಿಲ್ಲ. ಸರಿ ಅಂತ ಬರೆಯೋಕೆ ನೋಡೋಣ ಅಂತೀರಾ?"

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳು ನನಗೆ ಆ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ನಾನು ಚಪ್ಪಲಿ ಮೆಟ್ಟಿಕೊಂಡು ತೊಣ್ಣೂರಿಗೆ ಹೋಗಿ ಕೆರೆಯ ಏರಿಯ ಮೇಲೆ ಬಹಳ ಹೊತ್ತು ಓಡಾಡಿದೆ. ಪ್ರವಾಸಿಗರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನೀರು ತಣ್ಣಗೆ, ತಿಳಿಯಾಗಿ ನಿಂತಿತ್ತು. ನನ್ನ ತಲೆಯಲ್ಲಿ ಮಾತ್ರ ಆ ಸ್ಟಾಫ್ ರೂಮು, ಆ ಮೇಜು, ಜೇಬಿನ ಪೆನ್ನು. ನಾನು ಯಾರಿಗೆ ಹೆದರಿದ್ದೆ? ನಿವೃತ್ತಿಗೆ ಹತ್ತಿರ ಬಂದಿದ್ದ ನನ್ನನ್ನು ಯಾರು ಏನು ಮಾಡಲು ಸಾಧ್ಯವಿತ್ತು? ನನಗೆ ಯಾರ ಭಯವೂ ಇರಲಿಲ್ಲ, ಬರೀ ರೂಢಿ. ಇದು ಹೊಳೆದ ಮೇಲೆ ನನ್ನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮನೆಗೆ ಬಂದು ಕೂತು ಬರೆದೆ. ಯಾವ ನೋಟ್ಸೂ ನೋಡದೆ ನಾನು ಬರೆದ ಮೊದಲ ಬರಹ ಅದೇ ಇರಬೇಕು. ಶಾಲೆಯಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದೆ. ಕೊನೆಯಲ್ಲಿ, "ಈ ವಿದ್ಯಾರ್ಥಿನಿಯ ನಡತೆಯನ್ನು ತೃಪ್ತಿಕರ ಎಂದ ಸಮಿತಿಯಲ್ಲಿ ನಾನೂ ಇದ್ದೆ. ತಪ್ಪು ಸಮಿತಿಯದು, ವಿಶೇಷವಾಗಿ ನನ್ನದು" ಎಂದು ಬರೆದು ಸಹಿ ಹಾಕಿದೆ. ಒಂದು ಪ್ರತಿಯನ್ನು ಪ್ರಾಂಶುಪಾಲರಿಗೂ ಕಳಿಸಿದೆ. ಅವರು ಮುಂದಿನ ಒಂದು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಅದರಿಂದ ನನಗೆ ಓದಲು ಬಹಳ ಸಮಯ ಸಿಕ್ಕಿತು.

ಸಂದರ್ಶನದಲ್ಲಿ ಆ ಪತ್ರ ಇಟ್ಟುಕೊಂಡೇ ಪ್ರಶ್ನೆ ಕೇಳಿದರಂತೆ. ನೆರವಿನ ಕೇಂದ್ರಕ್ಕೆ ಹೋದರೆ ಮೊದಲು ಏನು ನೋಡುತ್ತೀಯ ಎಂದದ್ದಕ್ಕೆ ಚಂದನ, "ಯಾರು ನೀರು ಕುಡೀತಿಲ್ಲ ಅಂತ ನೋಡ್ತೀನಿ" ಎಂದಳಂತೆ. ಸೀಟು ಸಿಕ್ಕಿತು. ಮೊದಲ ಆರು ತಿಂಗಳು ಇಂಗ್ಲಿಷು ಅರ್ಥವಾಗದೆ ಒದ್ದಾಡಿದಳು. ಫೋನು ಮಾಡಿ ಅತ್ತದ್ದೂ ಉಂಟು. ಬಿಟ್ಟು ಬರಲಿಲ್ಲ. ಈಗ ಮೂರು ವರ್ಷದಿಂದ ಅದೇ ಕೆಲಸದಲ್ಲಿದ್ದಾಳೆ. ಎಲ್ಲಿ ಹೊಳೆ ಉಕ್ಕಿದರೂ, ಗುಡ್ಡ ಜರಿದರೂ ಅವಳ ತಂಡ ಹೋಗುತ್ತದೆ. ಅವಳು ಹೋದ ಕಡೆ ಬ್ಯಾನರ್ ಕಟ್ಟುವುದಿಲ್ಲವಂತೆ.

ಇಷ್ಟೆಲ್ಲ ನೆನಪಾಗಿ ಕಾಫಿ ಆರಿಹೋದ ಆ ಬೆಳಿಗ್ಗೆಯೇ, ಕಾಕತಾಳೀಯವೆನ್ನಿ, ಕಾಲೇಜಿನಿಂದ ಫೋನು ಬಂತು. ಮಾತಾಡಿದವರು ಈಗಿನ ಪ್ರಾಂಶುಪಾಲರು. ಅಂದಿನ ಶಿಸ್ತು ಸಮಿತಿಯ ಮೂವರಲ್ಲಿ ಇವರೂ ಒಬ್ಬರು.

"ನಮ್ಮ ಚಂದನಳಿಗೆ ಸನ್ಮಾನ ಇಟ್ಕೊಂಡಿದ್ದೀವಿ ಸಾರ್! ಪೇಪರಲ್ಲಿ ಫೋಟೋ ಬಂದಿತ್ತಲ್ಲ. ನಮ್ಮ ಕಾಲೇಜಿನ ಹೆಮ್ಮೆಯ ಮಗಳು. ನಮ್ಮ ಸಂಸ್ಥೆಯಲ್ಲಿ ಮೊಳೆತ ಸೇವಾಭಾವ ಅಂತ ನೀವೇ ಮಾತಾಡ್ಬೇಕು."

ನಮ್ಮ ಸಂಸ್ಥೆಯಲ್ಲಿ ಮೊಳೆತ! ನಾನು ಚಂದನಳಿಗೆ ಫೋನು ಮಾಡಿದೆ. ಆ ಕಡೆ ಜನರ ಗದ್ದಲ, ಯಾವುದೋ ಭಾಷೆ. "ನಾನು ಬರಕ್ಕಾಗಲ್ಲ ಸಾರ್, ಇಲ್ಲಿ ಇನ್ನೂ ಟೆಂಟ್ ಮುಗಿದಿಲ್ಲ. ನೀವು ಹೋಗಿ. ಅಪ್ಪ ಬರ್ತೀನಿ ಅಂದವ್ರೆ" ಎಂದಳು. ಏನು ಹೇಳಲಿ ಎಂದೆ. "ನಡೆದಿದ್ದು ಹೇಳಿ ಸಾರ್" ಎಂದು ಫೋನಿಟ್ಟಳು.

ನಿನ್ನೆ ಹೋಗಿದ್ದೆ. ಗೇಟಿನಲ್ಲಿ ಆಳೆತ್ತರದ ಫ್ಲೆಕ್ಸಿನಲ್ಲಿ ಅವಳ ಫೋಟೋ, ಸುತ್ತ ನಮ್ಮೆಲ್ಲರ ಫೋಟೋಗಳು. ಮಗಳ ಪರವಾಗಿ ಆಚಾರ್ರಿಗೆ ಶಾಲು ಹೊದಿಸಿದರು. ಅವರು ಶಾಲಿನ ಅಂಚನ್ನು ಕೈಯಲ್ಲಿ ಹೊಸಕಿ ನೋಡುತ್ತಾ ಕೂತಿದ್ದರು. ನನ್ನ ಸರದಿ ಬಂತು. ನಾನು ನಡೆದದ್ದು ಹೇಳಿದೆ. ಕ್ಷಮಾಪಣೆ ಪತ್ರವನ್ನು ಯಾರು ಬರೆದರು, ಯಾವ ಪದಕ್ಕೆ ಅವಳು ಸಹಿ ಹಾಕಲಿಲ್ಲ, ಪ್ರಮಾಣಪತ್ರದಲ್ಲಿ ನಾವು ಏನು ಬರೆದೆವು, ಎಲ್ಲ. "ಈ ಕಾಲೇಜು ಅವಳನ್ನು ಬೆಳೆಸಲಿಲ್ಲ. ಅವಳು ನಮ್ಮನ್ನು ದಾಟಿಕೊಂಡು ಹೋದಳು" ಎಂದೆ. ದನಿ ಎತ್ತಿಯೇ ಹೇಳಿದೆ. ಪ್ರಾಂಶುಪಾಲರು ಕೆಮ್ಮಿದರು. ಯಾರೋ ಚೀಟಿ ತಂದು ನನ್ನ ಮುಂದಿಟ್ಟರು, "ಸಮಯ" ಎಂದು. ಹುಡುಗರು ಹುಡುಗಿಯರು ನನ್ನನ್ನೇ ನೋಡುತ್ತಿದ್ದರು.

ಆಗ ಹಿಂದಿನ ಸಾಲಿನಲ್ಲಿ ಒಬ್ಬಳು ಎದ್ದಳು. ಸಣಕಲು ಹುಡುಗಿ. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಸಾರ್, ನಮ್ ಹಾಸ್ಟೆಲ್ಲಲ್ಲಿ ಬೋರ್ ಕೆಟ್ಟು ನಾಕ್ ದಿನ ಆಯ್ತು. ಅರ್ಜಿ ಕೊಟ್ರೂ ಯಾರೂ ಬಂದಿಲ್ಲ. ಅದನ್ನ ಇಲ್ಲಿ ಹೇಳ್ಬೋದಾ?"

"ಕೂತ್ಕೊಳಮ್ಮ, ಇದು ಸನ್ಮಾನದ ಕಾರ್ಯಕ್ರಮ" ಎಂದರು ಪ್ರಾಂಶುಪಾಲರು.

ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು. ವೈರಿಲ್ಲದ ಮೈಕು. ಮಂಡಿನೋವಿನ ಕಾಲಿನಲ್ಲಿ ವೇದಿಕೆಯ ಮೆಟ್ಟಿಲು ಇಳಿದು, ಕುರ್ಚಿಗಳ ಸಾಲು ದಾಟಿ ಅವಳ ಹತ್ತಿರ ಹೋಗಿ ಕೊಟ್ಟೆ. "ಮೊದಲು ಹೆಸರು ಹೇಳಮ್ಮ. ಆಮೇಲೆ ಎಲ್ಲಾನೂ ಹೇಳು" ಎಂದು ಅವಳ ಪಕ್ಕದ ಬೆಂಚಿನಲ್ಲಿ ಕೂತೆ. ಅವಳು ಹೇಳಿದಳು. ಅವಳು ಮುಗಿಸುವಷ್ಟರಲ್ಲಿ ಇನ್ನಿಬ್ಬರು ಎದ್ದು ನಿಂತಿದ್ದರು.

ಇವತ್ತು ಬೆಳಿಗ್ಗೆ ಆ ಹುಡುಗಿ ಫೋನು ಮಾಡಿದ್ದಳು. ಬೋರ್ ನೋಡಲು ಇನ್ನೂ ಯಾರೂ ಬಂದಿಲ್ಲವಂತೆ. ಹನ್ನೊಂದರ ಬಸ್ಸಿಗೆ ಹೊರಟಿದ್ದೇನೆ.